ಹೋಬಳಿಯಿಲ್ಲದ ಗ್ರಾಮ: ಫಾರಿನ್ ಕೀ ದೋಷದ ಪತ್ತೆ ಮತ್ತು ಪರಿಹಾರ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಕಸಬಾ, ಬೆಳ್ಳೂರು, ಬಿಂಡಿಗನವಿಲೆ, ದೇವಲಾಪುರ ಮತ್ತು ಹೊಣಕೆರೆ ಎಂಬ ಐದು ಹೋಬಳಿಗಳಿವೆ. ಪ್ರತಿಯೊಂದು ಗ್ರಾಮವೂ ಒಂದು ಹೋಬಳಿಗೆ, ಹೋಬಳಿಯು ತಾಲ್ಲೂಕಿಗೆ, ತಾಲ್ಲೂಕು ಜಿಲ್ಲೆಗೆ ಸೇರಿರುತ್ತದೆ. ‘ಭೂಮಿ’ ಯೋಜನೆಯಲ್ಲಿ ಪಹಣಿಯನ್ನು ಹುಡುಕುವುದೂ ಇದೇ ಕ್ರಮದಲ್ಲಿ. ಕಂದಾಯ ಲೆಕ್ಕದಲ್ಲಿ ಹೋಬಳಿಯಿಲ್ಲದ ಗ್ರಾಮ ಇರಲಾರದು. ಗಣಕದ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸಿನಲ್ಲಿ, ಇಂಥ ನಿಯಮವನ್ನು ಕಾಯುವ ಕಾವಲುಗಾರನೇ ಫಾರಿನ್ ಕೀ.

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಕ್ರಮವನ್ನು ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಉದಾಹರಣೆಗೆ ಎರಡು ಕೋಷ್ಟಕಗಳನ್ನು ಊಹಿಸಿಕೊಳ್ಳೋಣ. ‘ಹೋಬಳಿ’ ಕೋಷ್ಟಕದಲ್ಲಿ ಹೋಬಳಿಯ ಸಂಕೇತ ಮತ್ತು ಹೆಸರು ಇವೆ. ‘ಗ್ರಾಮ’ ಕೋಷ್ಟಕದಲ್ಲಿ ಗ್ರಾಮದ ವಿವರದ ಜೊತೆಗೆ ಅದು ಸೇರಿದ ಹೋಬಳಿಯ ಸಂಕೇತವಿದೆ. ಮೊದಲನೆಯದು ತಾಯಿ ಕೋಷ್ಟಕ, ಎರಡನೆಯದು ಮಗು. ಮಗುವಿನಲ್ಲಿ ಬರೆದ ಸಂಕೇತ ತಾಯಿಯಲ್ಲಿ ಇರಲೇಬೇಕು. ಇಲ್ಲವಾದರೆ ಡೇಟಾಬೇಸ್ ಆ ಕೆಲಸವನ್ನು ನಿರಾಕರಿಸಿ ದೋಷ ಸಂದೇಶ ನೀಡುತ್ತದೆ.

ಈ ಸಂದೇಶ ಕಂಡಾಗ ಮೊದಲು ತಿಳಿಯಬೇಕಾದದ್ದು, ತಕರಾರು ಯಾವ ಕೋಷ್ಟಕದ ಕಡೆಯಿಂದ ಬಂದಿದೆ ಎಂಬುದು. ಮೈಎಸ್‌ಕ್ಯೂಎಲ್‌ನಲ್ಲಿ 1452 ಎಂಬ ಸಂಖ್ಯೆ ಬಂದರೆ, ಮಗುವಿನಲ್ಲಿ ಸೇರಿಸುತ್ತಿರುವ ಇಲ್ಲವೇ ಬದಲಿಸುತ್ತಿರುವ ಸಾಲಿಗೆ ತಾಯಿ ಸಿಕ್ಕಿಲ್ಲ ಎಂದರ್ಥ. 1451 ಬಂದರೆ, ಮಕ್ಕಳಿರುವ ತಾಯಿ ಸಾಲನ್ನು ಅಳಿಸಲು ಅಥವಾ ಅದರ ಸಂಕೇತವನ್ನು ಬದಲಿಸಲು ಹೊರಟಿದ್ದೇವೆ ಎಂದರ್ಥ.

ಮೊದಲನೆಯದಕ್ಕೆ ಸಾಮಾನ್ಯ ಕಾರಣ ಕ್ರಮ ತಪ್ಪುವುದು. ಹೋಬಳಿಗಳನ್ನು ತುಂಬುವ ಮೊದಲೇ ಗ್ರಾಮಗಳನ್ನು ತುಂಬಿದರೆ ಕೆಲಸ ನಿಲ್ಲುತ್ತದೆ. ಇನ್ನೊಂದು ಕಾರಣ ಕಣ್ಣಿಗೆ ಕಾಣದ ವ್ಯತ್ಯಾಸ. ಸಂಕೇತವನ್ನು ಅಕ್ಷರರೂಪದಲ್ಲಿ ಇಟ್ಟಿದ್ದರೆ ‘03’ ಮತ್ತು ‘3’ ಬೇರೆ ಬೇರೆ. ಹೆಸರನ್ನೇ ಕೀಲಿಯಾಗಿ ಬಳಸಿದರೆ ತೊಂದರೆ ಇನ್ನೂ ಹೆಚ್ಚು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ‘ಬಿಂಡಿಗನವಿಲೆ’ ಮತ್ತು ಯೂನಿಕೋಡ್‌ನಲ್ಲಿ ಬರೆದ ‘ಬಿಂಡಿಗನವಿಲೆ’ ಪರದೆಯ ಮೇಲೆ ಒಂದೇ ರೀತಿ ಕಂಡರೂ ಗಣಕದೊಳಗೆ ಅವುಗಳ ಸಂಕೇತಗಳು ಪೂರ್ತಿ ಬೇರೆ. ಗಣಕ ಹೋಲಿಸುವುದು ಸಂಕೇತವನ್ನೇ ಹೊರತು ಅಕ್ಷರದ ಆಕಾರವನ್ನಲ್ಲ.

ಕೆಲವೊಮ್ಮೆ ಫಾರಿನ್ ಕೀ ರಚಿಸುವಾಗಲೇ ದೋಷ ಬರುತ್ತದೆ. ಆಗ ಎರಡೂ ಕಡೆಯ ದತ್ತಪ್ರಕಾರ ಹೊಂದುತ್ತದೆಯೇ ಎಂದು ನೋಡಬೇಕು. ಒಂದು ಕಡೆ ಪೂರ್ಣಾಂಕ, ಇನ್ನೊಂದು ಕಡೆ ಅಕ್ಷರಮಾಲೆ ಇರಕೂಡದು. ತಾಯಿಯ ಕೀಲಿ ಅನನ್ಯವಾಗಿಯೂ ಇರಬೇಕು. ಕಸಬಾ ಹೋಬಳಿ ನಾಗಮಂಗಲದಲ್ಲಿ ಮಾತ್ರವಲ್ಲ, ಬೇರೆ ತಾಲ್ಲೂಕುಗಳಲ್ಲಿಯೂ ಇದೆ. ಪ್ರತಿ ತಾಲ್ಲೂಕಿನಲ್ಲಿ ಹೋಬಳಿ ಸಂಕೇತ 1ರಿಂದಲೇ ಆರಂಭವಾದರೆ, ತಾಲ್ಲೂಕು ಮತ್ತು ಹೋಬಳಿ ಎರಡರ ಸಂಕೇತಗಳೂ ಸೇರಿ ಕೀಲಿಯಾಗಬೇಕು. ಗ್ರಾಮ ಕೋಷ್ಟಕವೂ ಎರಡನ್ನೂ ಉಲ್ಲೇಖಿಸಬೇಕು.

ಈಗಾಗಲೇ ತುಂಬಿರುವ ಕೋಷ್ಟಕಕ್ಕೆ ಫಾರಿನ್ ಕೀ ಸೇರಿಸುವಾಗ ಹಳೆಯ ಅನಾಥ ಸಾಲುಗಳು ಅಡ್ಡಬರುತ್ತವೆ. ಅವನ್ನು ಹುಡುಕಲು ಗ್ರಾಮ ಕೋಷ್ಟಕವನ್ನು ಹೋಬಳಿ ಕೋಷ್ಟಕದೊಡನೆ ಲೆಫ್ಟ್ ಜಾಯಿನ್ ಮಾಡಿ, ಹೋಬಳಿಯ ಕಡೆ ನಲ್ ಬಂದ ಸಾಲುಗಳನ್ನು ಮಾತ್ರ ಕೇಳಬೇಕು. ಒಂದು ಎಚ್ಚರಿಕೆ: ಗ್ರಾಮದ ಸಾಲಿನಲ್ಲಿ ಹೋಬಳಿ ಸಂಕೇತವನ್ನು ನಲ್ ಆಗಿ ಬಿಟ್ಟರೆ ಫಾರಿನ್ ಕೀ ಅದನ್ನು ತಡೆಯುವುದಿಲ್ಲ. ಅದಕ್ಕೆ ನಾಟ್ ನಲ್ ನಿಯಮವೂ ಬೇಕು.

ಎರಡನೆಯ ಬಗೆಯ ದೋಷಕ್ಕೆ ಮಕ್ಕಳನ್ನು ಮೊದಲು ಸ್ಥಳಾಂತರಿಸುವುದೇ ಪರಿಹಾರ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಇಂಥ ಬದಲಾವಣೆಯನ್ನು ಡೇಟಾಬೇಸಿನಲ್ಲಿ ಮಾಡುವಾಗ ಮೊದಲು ಹೊಸ ಜಿಲ್ಲೆಯ ಸಾಲನ್ನು ಸೇರಿಸಬೇಕು, ಬಳಿಕ ತಾಲ್ಲೂಕುಗಳ ಜಿಲ್ಲಾ ಸಂಕೇತವನ್ನು ಬದಲಿಸಬೇಕು. ತಾಯಿಯೊಂದಿಗೆ ಮಕ್ಕಳನ್ನೂ ಅಳಿಸುವ ಆನ್ ಡಿಲೀಟ್ ಕ್ಯಾಸ್ಕೇಡ್ ಸೌಲಭ್ಯವಿದೆ. ಆದರೆ ಹೋಬಳಿಯ ಒಂದು ಸಾಲು ಕೈತಪ್ಪಿ ಅಳಿದರೆ ಅದರ ಗ್ರಾಮಗಳೆಲ್ಲವೂ ಅಳಿಯುವುದರಿಂದ ಇಂಥ ಕಡೆ ಅದು ಸಲ್ಲದು.

ಬೇಸತ್ತವರು ಪರೀಕ್ಷೆಯನ್ನೇ ನಿಲ್ಲಿಸಿ ಮಾಹಿತಿ ತುಂಬುವುದುಂಟು. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಪರೀಕ್ಷೆಯನ್ನು ಮತ್ತೆ ಆರಂಭಿಸಿದಾಗ, ಆ ನಡುವೆ ಸೇರಿದ ಸಾಲುಗಳನ್ನು ಅದು ತಪಾಸಣೆ ಮಾಡುವುದಿಲ್ಲ. ಅನಾಥ ಗ್ರಾಮ ಕೋಷ್ಟಕದಲ್ಲಿ ಉಳಿಯುತ್ತದೆ. ಎರಡು ಕೋಷ್ಟಕಗಳನ್ನು ಜೋಡಿಸಿ ತೆಗೆದ ಹೋಬಳಿವಾರು ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಯಾವ ದೋಷ ಸಂದೇಶವೂ ಬರುವುದಿಲ್ಲ. ಬರಪರಿಹಾರಕ್ಕೋ ವಿದ್ಯಾರ್ಥಿವೇತನಕ್ಕೋ ಅಂಥ ಪಟ್ಟಿಯನ್ನೇ ನಂಬಿದರೆ ಆ ಊರಿನವರ ಹೆಸರು ಬಿಟ್ಟುಹೋಗುತ್ತದೆ. ದೋಷ ಸಂದೇಶ ಕೆಲಸವನ್ನು ಅರ್ಧ ಗಂಟೆ ನಿಲ್ಲಿಸಬಹುದು. ಬಿಟ್ಟುಹೋದ ಊರನ್ನು ಹುಡುಕಲು ತಿಂಗಳುಗಳೇ ಬೇಕಾಗಬಹುದು. ಆದ್ದರಿಂದ ಸಂದೇಶವನ್ನು ಅಡಗಿಸದೆ, ಅದು ಹೆಸರಿಸುವ ಕೋಷ್ಟಕ ಮತ್ತು ಕೀಲಿಯನ್ನು ಮೊದಲು ಓದುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಒಳ್ಳೆಯದು.