ಎರಡು ತಂತಿ, ಒಂದು ರೂಟರ್: ಮನೆ-ಕಚೇರಿಗೆ ಮೀಸಲು ಅಂತರಜಾಲ ಸಂಪರ್ಕ

ವ್ಯಾಪಾರದ ದಾಖಲೆಗಳು ಖಾತೆ ಪುಸ್ತಕದಿಂದ ಗಣಕಕ್ಕೂ, ಗಣಕದಿಂದ ಸರ್ಕಾರದ ಪೋರ್ಟಲ್‌ಗಳಿಗೂ ವರ್ಗಗೊಂಡ ಮೇಲೆ ಅಂತರಜಾಲ ಸಂಪರ್ಕವು ವರ್ತಕರ ಪಾಲಿಗೆ ವಿದ್ಯುತ್ತಿನಷ್ಟೇ ಅಗತ್ಯವಾಗಿದೆ. ವಿದ್ಯುತ್ ಕೈಕೊಟ್ಟರೆ ಇರಲೆಂದು ಯುಪಿಎಸ್ ಅಥವಾ ಜನರೇಟರ್ ಇಟ್ಟುಕೊಂಡಿರುವ ಅನೇಕ ಸಣ್ಣ ಉದ್ದಿಮೆದಾರರು ಅಂತರಜಾಲದ ವಿಷಯದಲ್ಲಿ ಮಾತ್ರ ಒಂದೇ ತಂತಿಯನ್ನು ನಂಬಿಕೊಂಡಿದ್ದಾರೆ. ಮನೆಯ ಒಂದು ಕೋಣೆಯಲ್ಲಿಯೇ ಕಚೇರಿ ನಡೆಸುವವರಲ್ಲಂತೂ ಇದು ಸರ್ವೇಸಾಮಾನ್ಯ.

ದಾವಣಗೆರೆಯ ಒಬ್ಬ ಸಗಟು ಬಟ್ಟೆ ವರ್ತಕರ ಸ್ಥಿತಿಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಸಂಜೆ ಆರು ಗಂಟೆ. 4 ಲಕ್ಷ ರೂ. ಮೌಲ್ಯದ ಸರಕು ಹೊರರಾಜ್ಯದ ಖರೀದಿದಾರರಿಗಾಗಿ ಲಾರಿಗೆ ಏರಿದೆ. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿರುವುದರಿಂದ 2023ರ ಆಗಸ್ಟ್ 1ರಿಂದ ಇವರು ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಂದಿದ್ದಾರೆ. ಆ ಹೊತ್ತಿಗೆ ಬೀದಿಯ ಕೊನೆಯಲ್ಲಿ ಚರಂಡಿ ಅಗೆಯುತ್ತಿರುವ ಯಂತ್ರವು ಫೈಬರ್ ತಂತಿಯನ್ನು ತುಂಡರಿಸುತ್ತದೆ. ಇ-ಇನ್‌ವಾಯ್ಸ್ ಸಂಖ್ಯೆ ದೊರೆಯದ ಬಿಲ್ಲು ನಿಯಮ 48ರ ಪ್ರಕಾರ ಬಿಲ್ಲೇ ಅಲ್ಲ. ಇ-ವೇ ಬಿಲ್ ಇಲ್ಲದೆ ಲಾರಿ ಹೊರಟು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ, ಸರಕಿನ ಮಾಲೀಕರು ಮುಂದೆ ಬಂದು ಬಿಡಿಸಿಕೊಳ್ಳಲು ಕಟ್ಟಬೇಕಾದ ದಂಡವು 2022ರ ಜನವರಿ 1ರಿಂದ ತೆರಿಗೆಯ ಶೇ. 200ರಷ್ಟಿದೆ. ಶೇ. 5ರ ದರದಲ್ಲಿ ತೆರಿಗೆ 20,000 ರೂ.; ದಂಡ 40,000 ರೂ. ಲಾರಿಯನ್ನು ನಿಲ್ಲಿಸಿಕೊಂಡರೆ ಬಾಡಿಗೆ ಏರುತ್ತದೆ, ಖರೀದಿದಾರರ ಬೇಸರ ಬೇರೆ. ಮೊದಲೇ ನೋಂದಾಯಿಸಿದ ಮೊಬೈಲ್‌ನಿಂದ ಎಸ್‌ಎಂಎಸ್ ಮೂಲಕ ಇ-ವೇ ಬಿಲ್ ಪಡೆಯುವ ಸೌಲಭ್ಯವೇನೋ ಇದೆ. ಆದರೆ ಇ-ಇನ್‌ವಾಯ್ಸ್ ಬಾಧ್ಯತೆಯುಳ್ಳವರಿಗೆ ಅದರಿಂದ ಅರ್ಧ ಕೆಲಸವಷ್ಟೇ ಆದಂತಾಯಿತು.

ತಿಂಗಳ 11 ಮತ್ತು 20ನೇ ತಾರೀಖುಗಳದು ಇನ್ನೊಂದು ಕಥೆ. ಜಿಎಸ್‌ಟಿಆರ್-3ಬಿ ನಮೂನೆಯನ್ನು 20ರ ರಾತ್ರಿಯವರೆಗೆ ಉಳಿಸಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲವೆಂಬುದು ಎಲ್ಲರಿಗೂ ಗೊತ್ತು, ಆದರೂ ಬಹುಪಾಲು ಕಚೇರಿಗಳಲ್ಲಿ ದೀಪ ಆರುವುದು ಅಂದು ತಡವಾಗಿಯೇ. ವಿಳಂಬ ಶುಲ್ಕವಾದ ದಿನಕ್ಕೆ 50 ರೂ.ಗಳನ್ನು ಪೋರ್ಟಲ್ ತಾನೇ ಲೆಕ್ಕ ಹಾಕುತ್ತದೆ. ತಂತಿ ತುಂಡಾಯಿತೆಂದು ಬರೆಯಲು ಅದರಲ್ಲಿ ಅಂಕಣವಿಲ್ಲ. ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಸೇರುತ್ತದೆ.

ಎರಡನೆಯ ಸಂಪರ್ಕದ ಯೋಚನೆ ಒಂದು ಕಾಲಕ್ಕೆ ದುಬಾರಿಯಾಗಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. ದೂರವಾಣಿ ತಂತಿಯ ಮೇಲೆ ಬರುತ್ತಿದ್ದ ಆ ಸೌಕರ್ಯ ಕೆಟ್ಟಾಗ ಹಳೆಯ ಡಯಲ್-ಅಪ್ ಮೋಡೆಮ್ ಒಂದೇ ಗತಿ; ಅದಕ್ಕೂ ಬೇಕಾದದ್ದು ಅದೇ ದೂರವಾಣಿ ತಂತಿ. 2023ರಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗದ ವ್ಯಾಖ್ಯೆ 2 ಮೆಗಾಬಿಟ್‌ಗೆ ಏರಿದೆ, ಫೈಬರ್ ತಂತಿ ಬಡಾವಣೆಗಳನ್ನು ತಲುಪಿದೆ, 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಸೇವೆ ಆರಂಭವಾಗಿ ತಂತಿರಹಿತ ಸಂಪರ್ಕವೂ ಮನೆಗೆ ಬಂದಿದೆ. ಎರಡು ಸಂಪರ್ಕಗಳನ್ನು ಒಂದೇ ರೂಟರ್‌ಗೆ ಜೋಡಿಸುವುದು ಈಗ ಸಾಮಾನ್ಯ ವರ್ತಕರ ಕೈಗೆಟುಕುವ ವ್ಯವಸ್ಥೆ.

ಆದರೆ ಜೋಡಣೆ ಎಂಬ ಒಂದು ಮಾತಿನಲ್ಲಿ ಮೂರು ಭಿನ್ನ ವ್ಯವಸ್ಥೆಗಳು ಅಡಗಿವೆ. ಅಂಗಡಿಯಲ್ಲಿ ಕೊಳ್ಳುವಾಗ ಗೊಂದಲವಾಗುವುದು ಇಲ್ಲಿಯೇ.

ಮೊದಲನೆಯದು ಫೇಲ್‌ಓವರ್. ಮುಖ್ಯ ಸಂಪರ್ಕ ಕೆಲಸ ಮಾಡುತ್ತಿರುವವರೆಗೂ ಎರಡನೆಯದು ಸುಮ್ಮನೆ ಕಾದಿರುತ್ತದೆ. ಮೊದಲನೆಯದು ನಿಂತ ಕೂಡಲೇ ರೂಟರ್ ಎಲ್ಲ ಸಂಚಾರವನ್ನು ಇದಕ್ಕೆ ತಿರುಗಿಸುತ್ತದೆ. ಎರಡನೆಯದು ಲೋಡ್ ಬ್ಯಾಲೆನ್ಸಿಂಗ್, ಅಂದರೆ ಹೊರೆ ಹಂಚಿಕೆ. ಇಲ್ಲಿ ಎರಡೂ ತಂತಿಗಳು ಸದಾ ದುಡಿಯುತ್ತವೆ. 100 ಎಂಬಿಪಿಎಸ್ ಮತ್ತು 50 ಎಂಬಿಪಿಎಸ್‌ನ ಸಂಪರ್ಕಗಳಿದ್ದರೆ ಎರಡಕ್ಕೆ ಒಂದರ ಪ್ರಮಾಣ ನಿಗದಿಪಡಿಸಿ ಕೆಲಸವನ್ನು ಹಂಚಬಹುದು. ಆದರೆ ಹಂಚಿಕೆಯಾಗುವುದು ಸಂಪರ್ಕ ಸರಣಿಗಳು, ಒಂದೊಂದು ಕಡತದ ತುಣುಕುಗಳಲ್ಲ. ಒಂದು ಕಡತವನ್ನು ಇಳಿಸಿಕೊಳ್ಳುವಾಗ ಅದು ಸಾಮಾನ್ಯವಾಗಿ ಒಂದೇ ತಂತಿಯಲ್ಲಿ ಬರುತ್ತದೆ, ಆ ತಂತಿಯ ವೇಗವೇ ಅದರ ಮಿತಿ. ಆದ್ದರಿಂದ ‘100ಕ್ಕೆ 50 ಸೇರಿಸಿದರೆ 150’ ಎಂಬ ಲೆಕ್ಕ ಒಬ್ಬನೇ ಕುಳಿತು ಕೆಲಸ ಮಾಡುವ ಮನೆಯಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಐದಾರು ಜನ ಏಕಕಾಲಕ್ಕೆ ಬಳಸುವ ಕಚೇರಿಯಲ್ಲಿ ಮಾತ್ರ ಪ್ರಯೋಜನ ಕಾಣುತ್ತದೆ.

ಮೂರನೆಯದು ಬಾಂಡಿಂಗ್. ಒಂದೇ ಕಡತದ ತುಣುಕುಗಳನ್ನು ಎರಡೂ ತಂತಿಗಳಲ್ಲಿ ಕಳುಹಿಸಿ ಆಚೆ ಬದಿಯಲ್ಲಿ ಮತ್ತೆ ಕೂಡಿಸುವ ಕ್ರಮವಿದು. ಕೂಡಿಸುವುದಕ್ಕೆ ಆಚೆ ಬದಿಯಲ್ಲಿಯೂ ಒಂದು ಯಂತ್ರ ಬೇಕಾಗುವುದರಿಂದ ರೂಟರ್ ಒಂದರಿಂದಲೇ ಇದು ಸಾಧ್ಯವಿಲ್ಲ. ಮಲ್ಟಿಪಾತ್ ಟಿಸಿಪಿ ಎಂಬ ವಿಧಾನದ ವಿವರಣೆ ಆರ್‌ಎಫ್‌ಸಿ 6824 ಎಂಬ ಕಡತವಾಗಿ 2013ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಪಲ್ ಸಂಸ್ಥೆ ತನ್ನ ಸಿರಿ ಸೇವೆಗೆ ಅದನ್ನು ಅಳವಡಿಸಿತು. ಅದಕ್ಕೆ ಎರಡೂ ತುದಿಗಳ ಯಂತ್ರಗಳು ಆಪಲ್ ಕೈಯಲ್ಲಿದ್ದವೆಂಬುದೇ ಕಾರಣ. ಸಣ್ಣ ವರ್ತಕರು ಬಾಂಡಿಂಗ್ ಬಯಸಿದರೆ ಮಧ್ಯವರ್ತಿ ಸರ್ವರ್ ಒದಗಿಸುವ ಸೇವೆಗೆ ಪ್ರತ್ಯೇಕ ಚಂದಾ ತೆರಬೇಕಾಗುತ್ತದೆ. ಬಿಲ್ಲು ಮತ್ತು ನಮೂನೆಗಳ ಕೆಲಸಕ್ಕೆ ಅಷ್ಟರ ಅಗತ್ಯವೇ ಬೀಳದು.

ಹೊರೆ ಹಂಚಿಕೆಯಲ್ಲಿ ಒಂದು ತೊಡಕಿದೆ. ಮಾರುವವರು ಅದನ್ನು ಹೇಳುವುದು ಅಪರೂಪ. ಎರಡು ಸಂಪರ್ಕಗಳಿಗೂ ಬೇರೆ ಬೇರೆ ಐಪಿ ವಿಳಾಸಗಳಿರುತ್ತವೆ. ಬ್ಯಾಂಕಿನ ತಾಣಕ್ಕೆ ಒಂದು ವಿಳಾಸದಿಂದ ಪ್ರವೇಶ ಪಡೆದ ಗ್ರಾಹಕನ ಮುಂದಿನ ಕೋರಿಕೆ ಇನ್ನೊಂದು ವಿಳಾಸದಿಂದ ಬಂದರೆ, ವಿಳಾಸವನ್ನು ಪರಿಶೀಲಿಸುವ ತಾಣವು ಅದನ್ನು ಅನುಮಾನದಿಂದ ನೋಡಿ ಹೊರದಬ್ಬುತ್ತದೆ. ವೇತನ ಪಾವತಿಯ ಕಡತ ಏರಿಸುತ್ತಿರುವಾಗ ಹೀಗಾದರೆ ಹಣ ಹೋಯಿತೋ ಇಲ್ಲವೋ ಎಂಬ ಆತಂಕ ಬೇರೆ. ಪರಿಹಾರ ರೂಟರ್‌ನ ಆಯ್ಕೆಗಳಲ್ಲಿಯೇ ಇದೆ. ಒಂದು ಗಣಕದ ಸಂಚಾರವೆಲ್ಲ ಒಂದೇ ತಂತಿಯಲ್ಲಿ ಹೋಗುವಂತೆ ನಿಯಮ ಹಾಕಬಹುದು, ಇಲ್ಲವೇ ಸುರಕ್ಷಿತ ತಾಣಗಳನ್ನೆಲ್ಲ ಮುಖ್ಯ ತಂತಿಗೆ ಕಟ್ಟಿಹಾಕಬಹುದು. ಲೆಕ್ಕಪತ್ರದ ಗಣಕವನ್ನು ಫೈಬರ್‌ಗೆ ಕಟ್ಟಿ, ಮನೆಯವರ ದೂರದರ್ಶನ, ಮಕ್ಕಳ ಪಾಠ ಇತ್ಯಾದಿಗಳನ್ನು ಎರಡನೆಯದಕ್ಕೆ ಬಿಡುವುದು ಮನೆ-ಕಚೇರಿಗೆ ಹೊಂದುವ ಏರ್ಪಾಡು. ನೋಂದಾಯಿಸಿದ ಸ್ಥಿರ ಐಪಿ ವಿಳಾಸದಿಂದ ಮಾತ್ರ ಪ್ರವೇಶವೀಯುವ ಸೇವೆಗಳನ್ನು ಬಳಸುವವರು ಎರಡನೆಯ ಸಂಪರ್ಕದ ವಿಳಾಸವನ್ನೂ ಮುಂಚಿತವಾಗಿ ನೋಂದಾಯಿಸದಿದ್ದರೆ ಮೀಸಲು ತಂತಿ ಇದ್ದೂ ಇಲ್ಲದಂತೆಯೇ. ಮೊಬೈಲ್ ಜಾಲದಲ್ಲಿ ಅನೇಕ ಗ್ರಾಹಕರು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವುದರಿಂದ ಅಲ್ಲಿ ಸ್ಥಿರ ವಿಳಾಸ ಸುಲಭವಾಗಿ ಸಿಗುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನು ಎರಡನೆಯ ಸಂಪರ್ಕದ ಆಯ್ಕೆ. ಮೊದಲನೆಯದು ತಿಂಗಳ 720 ಗಂಟೆಗಳಲ್ಲಿ 10 ಗಂಟೆ ನಿಲ್ಲುತ್ತದೆ, ಎರಡನೆಯದೂ ಅಷ್ಟೇ ಎಂದಿಟ್ಟುಕೊಂಡರೆ, ಎರಡೂ ಒಂದೇ ಹೊತ್ತಿಗೆ ನಿಲ್ಲುವ ಸಂಭವನೀಯ ಅವಧಿ ತಿಂಗಳಿಗೆ ಸುಮಾರು 8 ನಿಮಿಷ ಮಾತ್ರ. ಕಾಗದದ ಮೇಲೆ ಬಹಳ ಚೆನ್ನಾಗಿರುವ ಲೆಕ್ಕವಿದು. ಒಂದರ ಕೆಡುಕಿಗೂ ಇನ್ನೊಂದರ ಕೆಡುಕಿಗೂ ಸಂಬಂಧವಿಲ್ಲದಿದ್ದರೆ ಮಾತ್ರ ಅದು ನಿಜವಾಗುತ್ತದೆ. ಎರಡು ಕಂಪೆನಿಗಳ ತಂತಿಗಳೂ ಒಂದೇ ವಿದ್ಯುತ್ ಕಂಬದ ಮೇಲೆ ತೂಗಾಡುತ್ತಿದ್ದರೆ, ಅಥವಾ ಒಂದೇ ಕಾಲುವೆಯಲ್ಲಿ ಹೂತಿದ್ದರೆ, ಬಿಲ್ಲು ಎರಡು ಬರುತ್ತದೆಯೇ ಹೊರತು ಭದ್ರತೆ ಒಂದರದ್ದೇ. ಮುಖ್ಯ ಸಂಪರ್ಕ ಫೈಬರ್ ಆಗಿದ್ದರೆ ಮೀಸಲಿನದು ಬೇರೆ ಕಂಪೆನಿಯ 4ಜಿ ಅಥವಾ 5ಜಿ ಆಗಿರುವುದು ಲೇಸು. ಸಿಮ್ ಕೊಳ್ಳುವ ಮೊದಲು ರೂಟರ್ ಇಡುವ ಕೋಣೆಯಲ್ಲಿಯೇ ಆ ಕಂಪೆನಿಯ ಸಂಕೇತ ಎಷ್ಟಿದೆಯೆಂದು ಫೋನಿನಲ್ಲಿ ನೋಡಿಕೊಳ್ಳಬೇಕು. ಮಹಡಿಯ ಮೇಲೆ ಸಿಗುವ ಸಂಕೇತ ಒಳಕೋಣೆಯಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ.

ಉಪಕರಣದ ಮಟ್ಟಿಗೆ, ಎರಡು ವಾನ್ ಪೋರ್ಟ್‌ಗಳುಳ್ಳ ರೂಟರ್ ಬೇಕು. ಟಿಪಿ-ಲಿಂಕ್‌ನ ಇಆರ್605, ಲ್ಯಾಟ್ವಿಯಾ ದೇಶದ ಮೈಕ್ರೋಟಿಕ್ ಸಂಸ್ಥೆಯ ರೂಟರ್‌ಗಳು ಈ ಕೆಲಸಕ್ಕೆ ಬಳಕೆಯಲ್ಲಿವೆ. ತಂತ್ರಜ್ಞಾನದಲ್ಲಿ ಆಸಕ್ತಿಯುಳ್ಳವರು ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರ್‌ನಲ್ಲಿ ಎಂವಾನ್3 ಎಂಬ ಭಾಗವನ್ನು ಸೇರಿಸಿ ಇದನ್ನೇ ಸಾಧಿಸುತ್ತಾರೆ. ಸಂಪರ್ಕ ಕಡಿದಿರುವುದನ್ನು ರೂಟರ್ ಹೇಗೆ ಅರಿಯುತ್ತದೆ ಎಂಬುದನ್ನು ಜೋಡಿಸುವವರ ಬಳಿ ಕೇಳಿ ತಿಳಿಯಬೇಕು. ಕಂಪೆನಿಯ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ಅದರಾಚೆ ಅಂತರಜಾಲ ಸತ್ತಿರುತ್ತದೆ. ದೀಪವನ್ನಷ್ಟೇ ನಂಬುವ ರೂಟರ್ ಎರಡನೆಯ ತಂತಿಗೆ ಬದಲಾಯಿಸುವುದೇ ಇಲ್ಲ. ಹೊರಗಿನ ಎರಡು ಪ್ರತ್ಯೇಕ ವಿಳಾಸಗಳಿಗೆ ಕೆಲವು ಸೆಕೆಂಡುಗಳಿಗೊಮ್ಮೆ ಪಿಂಗ್ ಕಳುಹಿಸಿ, ಸತತವಾಗಿ ಮೂರು ಬಾರಿ ಉತ್ತರ ಬಾರದಿದ್ದರೆ ಬದಲಾಯಿಸುವಂತೆ ಹೊಂದಿಸುವುದು ರೂಢಿ. ಒಂದೇ ಬಾರಿಗೆ ಬದಲಾಯಿಸುವಂತೆ ಇಟ್ಟರೆ ರೂಟರ್ ಇಡೀ ದಿನ ಅತ್ತಿಂದಿತ್ತ ಜಿಗಿಯುತ್ತಿರುತ್ತದೆ. ಮೀಸಲು ಸಿಮ್‌ಗೆ ದಿನದ ಡೇಟಾ ಮಿತಿಯಿದ್ದರೆ, ಗಣಕಗಳ ತಂತ್ರಾಂಶ ನವೀಕರಣ ಮತ್ತು ಕ್ಯಾಮೆರಾ ದೃಶ್ಯಗಳ ಸಂಗ್ರಹವನ್ನು ಆ ತಂತಿಯಲ್ಲಿ ತಡೆಹಿಡಿಯದಿದ್ದಲ್ಲಿ ಅರ್ಧ ಗಂಟೆಯಲ್ಲಿ ಕೋಟಾ ಮುಗಿದೀತು. ಎರಡು ತಂತಿಗಳಿದ್ದು ರೂಟರ್‌ಗೆ ವಿದ್ಯುತ್ತಿಲ್ಲದಿದ್ದರೆ ಏನೂ ಇಲ್ಲವಷ್ಟೆ. 12 ವೋಲ್ಟಿನ ಪುಟ್ಟ ಯುಪಿಎಸ್‌ಗಳು ರೂಟರ್‌ಗಳಿಗೆಂದೇ ದೊರೆಯುತ್ತವೆ.

ವೆಚ್ಚದ ಲೆಕ್ಕ ಹೀಗಿದೆ. ಎರಡನೆಯ ಸಂಪರ್ಕಕ್ಕೆ ತಿಂಗಳಿಗೆ 600 ರೂ., ರೂಟರ್‌ಗೆ 5,000 ರೂ. ಎಂದು ಹಿಡಿದರೆ, ಶೇ. 18ರ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಪೂರ್ಣ ಹಿಂಪಡೆಯುವವರಿಗೆ ವರ್ಷದ ಸಂಪರ್ಕ ವೆಚ್ಚ 7,200 ರೂ. ರೂಟರ್ ಮೇಲೆ ಮೊದಲ ವರ್ಷದ ಸವಕಳಿ ಶೇ. 40ರಂತೆ 2,000 ರೂ. ಒಟ್ಟು 9,200 ರೂ., ದಿನಕ್ಕೆ ಸುಮಾರು 25 ರೂ.; ಅಂದರೆ ಒಂದು ದಿನದ ವಿಳಂಬ ಶುಲ್ಕದ ಅರ್ಧ. ರೂಟರ್‌ಗೆ ಗಣಕದ ದರದಲ್ಲಿ ಸವಕಳಿ ಸಿಗುತ್ತದೆಯೇ ಎಂಬ ವಿವಾದ ಹಿಂದೆ ಇತ್ತು. 2010ರಲ್ಲಿ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು, ಗಣಕದೊಡನೆ ಕೂಡಿ ಕೆಲಸ ಮಾಡುವ ರೂಟರ್ ಮತ್ತು ಸ್ವಿಚ್‌ಗಳು ಗಣಕದ ವರ್ಗಕ್ಕೇ ಸೇರುತ್ತವೆಂದು ತೀರ್ಪಿತ್ತಿತು. ಆಗ ಆ ದರ ಶೇ. 60 ಇತ್ತು, 2018-19ರ ಕರನಿರ್ಧರಣಾ ವರ್ಷದಿಂದ ಅದು ಶೇ. 40ಕ್ಕೆ ಇಳಿಯಿತು. ಸವಕಳಿಯಲ್ಲಿ ತೆರಿಗೆಯ ಮೊತ್ತವನ್ನೂ ಸೇರಿಸಿದವರು ಅದೇ ಮೊತ್ತವನ್ನು ಹೂಡುವಳಿ ತೆರಿಗೆಯಾಗಿ ಕೇಳುವಂತಿಲ್ಲ.

ಮನೆ-ಕಚೇರಿಗಳಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಸಂಪರ್ಕವು ಮಗನ ಹೆಸರಿನಲ್ಲಿಯೋ ಪತ್ನಿಯ ಹೆಸರಿನಲ್ಲಿಯೋ ಇರುವುದು. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಹೂಡುವಳಿ ತೆರಿಗೆ ದೊರೆಯುವುದಿಲ್ಲ. ಅರ್ಜಿ ತುಂಬುವಾಗಲೇ ಸಂಖ್ಯೆಯನ್ನು ನಮೂದಿಸುವುದು ಆಮೇಲೆ ಗ್ರಾಹಕ ಸೇವಾ ಕೇಂದ್ರದೊಡನೆ ಪತ್ರ ವ್ಯವಹಾರ ಮಾಡುವುದಕ್ಕಿಂತ ಸುಲಭ. ಮನೆಯವರೂ ಬಳಸುವ ಸಂಪರ್ಕವಾದರೆ ಕಲಂ 17ರ ಪ್ರಕಾರ ವ್ಯವಹಾರಕ್ಕೆ ಸಲ್ಲುವ ಭಾಗಕ್ಕೆ ಮಾತ್ರ ತೆರಿಗೆ ಹಿಂಪಡೆಯಬೇಕು. ಮೇಲೆ ಹೇಳಿದಂತೆ ಒಂದು ತಂತಿಯನ್ನು ಮನೆಯವರಿಗೆಂದು ಬಿಟ್ಟುಕೊಟ್ಟವರು ಈ ಮಾತನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಆದಾಯ ತೆರಿಗೆಯ ಲೆಕ್ಕದಲ್ಲಿಯೂ ಸ್ವಂತ ಬಳಕೆಯ ಪಾಲನ್ನು ಖರ್ಚಿನಿಂದ ಬಿಡಬೇಕಾಗುತ್ತದೆ.

ವ್ಯವಸ್ಥೆಯೆಲ್ಲ ಆದ ಮೇಲೆ ತಿಂಗಳಿಗೊಮ್ಮೆ ಮುಖ್ಯ ತಂತಿಯನ್ನು ಕೈಯಾರೆ ಕಿತ್ತು, ಎರಡನೆಯದರಲ್ಲಿ ಜಿಎಸ್‌ಟಿ ಪೋರ್ಟಲ್ ಮತ್ತು ಬ್ಯಾಂಕಿನ ತಾಣ ತೆರೆಯುತ್ತವೆಯೇ ಎಂದು ನೋಡಬೇಕು. ಆರು ತಿಂಗಳು ಮುಟ್ಟದೆ ಇಟ್ಟ ಸಿಮ್‌ನ ರೀಚಾರ್ಜ್ ಅವಧಿ ಮುಗಿದಿರುವುದು ಗೊತ್ತಾಗುವುದು ಹೆಚ್ಚಾಗಿ ಬೇಕಾದ ದಿನವೇ. ಪರೀಕ್ಷೆಗೆ ತಿಂಗಳ 11, 20ನೇ ತಾರೀಖುಗಳು ಬೇಡ. 25ರ ಸುಮಾರಿಗೆ ಇಟ್ಟುಕೊಳ್ಳಬಹುದು. ಎರಡೂ ಕಂಪೆನಿಗಳ ದೂರು ಸಂಖ್ಯೆ ಮತ್ತು ಗ್ರಾಹಕ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿರಬೇಕು. ಗಣಕದಲ್ಲಿ ಹುಡುಕಿದರಾಯಿತು ಎಂದುಕೊಂಡರೆ, ಆ ಹೊತ್ತಿಗೆ ಹುಡುಕಲು ಅಂತರಜಾಲ ಇರುವುದಿಲ್ಲ.