ಟ್ರ್ಯಾಕ್ಟರಿಗೆ ಯಾವ ಆಯಿಲ್?

ಜರ್ಮನಿಯಲ್ಲಿ ಕೂತು ಜೀವಕೋಶಗಳ ಬಗ್ಗೆ ಮಾತಾಡೋ ನಾವು ಇವತ್ತು ಟ್ರ್ಯಾಕ್ಟರ್ ವಿಷಯ ತಂದಿದ್ದೀವಿ. ಕಾರಣ, ಹರಿಹರದ ಹತ್ತಿರದ ನಮ್ಮೂರಿಂದ ಬಂದ ತಮ್ಮನ ಫೋನು.

"ಅಕ್ಕಾ, ಬ್ರೇಕ್ ಒತ್ತಿದ್ರೆ ಕಿರ್ ಅಂತ ಕೂಗ್ತೈತಿ. ಭತ್ತದ ಟ್ರೇಲರ್ ಇದ್ರಂತೂ ಸರಿಯಾಗಿ ಹಿಡಿಯಂಗೇ ಇಲ್ಲ."

ಈಚೆಗೆ ಏನು ಬದಲಾಯ್ತು ಅಂತ ಕೇಳಿದೆವು. ಗೇರ್‌ಬಾಕ್ಸಿಗೆ ಗಟ್ಟಿ ಗೇರ್ ಆಯಿಲ್ ಹಾಕಿಸಿದ್ದನಂತೆ. ಚಾನಲ್ ಏರಿಯ ಇಳಿಜಾರು, ಮಡ್‌ಗಾರ್ಡ್ ಮೇಲೆ ಕೂರೋ ಅಪ್ಪ, ಎರಡೂ ಕಣ್ಮುಂದೆ ಬಂದವು. "ಅದನ್ನ ಶೆಡ್ಡಿಂದ ಆಚೆ ತೆಗೀಬೇಡ" ಅಂದೆವು.

ಗೇರ್‌ಬಾಕ್ಸಿಗೆ ಗೇರ್ ಆಯಿಲ್ ಹಾಕಿದ್ರೆ ತಪ್ಪೇನು? ಆಯಿಲ್ ಬ್ರೇಕ್ ಇರುವ ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಗೇರು, ಹೈಡ್ರಾಲಿಕ್ ಲಿಫ್ಟು, ಬ್ರೇಕ್ ಪ್ಲೇಟು ಮೂರಕ್ಕೂ ಒಂದೇ ಎಣ್ಣೆ. ಗೇರಿನ ಹಲ್ಲುಗಳ ನಡುವೆ ಅದು ಜಾರಬೇಕು, ಪಂಪಿನಲ್ಲಿ ಸಲೀಸಾಗಿ ಹರಿಯಬೇಕು, ಬ್ರೇಕ್ ಪ್ಲೇಟುಗಳ ನಡುವೆ ಮಾತ್ರ ಹದವಾಗಿ ಹಿಡಿಯಬೇಕು. ಈ ಹದ ತರೋದಕ್ಕೆ ವಿಶೇಷ ಅಣುಗಳನ್ನು ಬೆರೆಸಿರುತ್ತಾರೆ. ನಮ್ಮ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳ ಹಾಗೆ ಇವುಗಳಲ್ಲಿ ಹಲವಕ್ಕೆ ತಲೆಯೂ ಇದೆ, ಬಾಲವೂ ಇದೆ. ತಲೆ ಲೋಹಕ್ಕೆ ಅಂಟುತ್ತೆ, ಬಾಲ ಎಣ್ಣೆಯ ಕಡೆ ಚಾಚುತ್ತೆ. ಬರೀ ಗೇರಿಗಾಗಿ ಮಾಡಿದ ಎಣ್ಣೆಯಲ್ಲಿ ಈ ಹದ ಇರಲ್ಲ. ಬ್ರೇಕ್ ಕೂಗುತ್ತೆ ಇಲ್ಲವೇ ಜಾರುತ್ತೆ. ಎಣ್ಣೆ ತೀರಾ ಗಟ್ಟಿಯಾದ್ರೆ ಬೆಳಗಿನ ಚಳಿಗೆ ಲಿಫ್ಟೂ ನಿಧಾನ.

ಇಲ್ಲಿಗೆ ಬೇಕಾದ್ದು ಯುಟಿಟಿಒ ಅಂತ ಬರೆದಿರುವ ಎಣ್ಣೆ, ಅದರಲ್ಲೂ ನಿಮ್ಮ ಟ್ರ್ಯಾಕ್ಟರಿನ ಪುಸ್ತಕ ಹೇಳುವ ದರ್ಜೆಯದು. ಡ್ರೈ ಬ್ರೇಕ್ ಇರುವ ಹಳೇ ಟ್ರ್ಯಾಕ್ಟರಿಗೆ ಪುಸ್ತಕ ಬೇರೆಯೇ ಹೇಳಬಹುದು. ಯುಟಿಟಿಒ ಎಂಜಿನ್ನಿಗಲ್ಲ, ಅದೂ ನೆನಪಿರಲಿ. ಕೆಸರುಗದ್ದೆ ಕೆಲಸ ಮುಗಿದ ಮೇಲೆ ಡಿಪ್‌ಸ್ಟಿಕ್ ನೋಡಿ. ಎಣ್ಣೆ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ, ಬದಲಾಯಿಸಲೇಬೇಕು.

ಎಂಜಿನ್ ಆಯಿಲ್ ಡಬ್ಬಿ ಮೇಲಿನ 15ಡಬ್ಲ್ಯು-40ರಲ್ಲಿ ಡಬ್ಲ್ಯು ಅಂದ್ರೆ ವಿಂಟರ್. 15 ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತೆ ಅನ್ನೋದಕ್ಕೆ, 40 ಅನ್ನೋದು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಷ್ಟು ಮಂದ ಅನ್ನೋದಕ್ಕೆ.

ಇನ್ನು ಕೂಲೆಂಟ್. "ನಮ್ಮೂರಲ್ಲಿ ಹಿಮ ಬೀಳಲ್ಲ, ಬೋರ್ ನೀರು ಸಾಕು" ಅಂತಾರೆ. ಆದರೆ ಕೂಲೆಂಟ್ ತುಕ್ಕನ್ನೂ ತಡೆಯುತ್ತೆ, ಕುದಿಯುವ ಬಿಂದುವನ್ನೂ ಏರಿಸುತ್ತೆ. ಗಡಸು ನೀರು ಒಳಗೆಲ್ಲ ಸುಣ್ಣದ ಪದರ ಕಟ್ಟುತ್ತೆ. ಬಣ್ಣ ಒಂದೇ ಅಂತ ಎರಡು ಥರದ್ದನ್ನು ಬೆರೆಸಬೇಡಿ, ಬಣ್ಣಕ್ಕೂ ಒಳಗಿನ ರಸಾಯನಕ್ಕೂ ಖಾತ್ರಿ ಸಂಬಂಧವಿಲ್ಲ.

ಜೀವಶಾಸ್ತ್ರದವರಾಗಿ ಒಂದು ಎಚ್ಚರಿಕೆ. ಸಾಮಾನ್ಯ ಕೂಲೆಂಟಿನಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ, ಕರು, ಮಗು ಯಾರಾದರೂ ಬಾಯಿ ಹಾಕಬಹುದು. ಯಕೃತ್ತು ಅದನ್ನು ಹಂತಹಂತವಾಗಿ ಆಕ್ಸಾಲಿಕ್ ಆಮ್ಲವಾಗಿಸುತ್ತೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತೆ, ಪ್ರಾಣವೇ ಹೋಗಬಹುದು. ಇಳಿಸಿದ ಕೂಲೆಂಟನ್ನು ಬಾಂಡ್ಲಿಯಲ್ಲಿ ಅಂಗಳದಲ್ಲಿಡಬೇಡಿ, ತಕ್ಷಣ ಮುಚ್ಚಳದ ಕ್ಯಾನಿಗೆ ಸುರಿಯಿರಿ.

ತಮ್ಮ ಎಣ್ಣೆ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಸರಿಯಾದ್ದನ್ನು ತುಂಬಿಸಿದ. ಪ್ಲೇಟುಗಳು ಇನ್ನೂ ಸವೆದಿರಲಿಲ್ಲ. ಖಾಲಿ ಟ್ರ್ಯಾಕ್ಟರ್ ಓಡಿಸಿ ನೋಡಿದ ಮೇಲೇ ಟ್ರೇಲರ್ ಕಟ್ಟಿದ. "ಈಗ ಸದ್ದಿಲ್ಲ ಅಕ್ಕಾ" ಅಂದ.

ಅಪ್ಪನ್ನ ಮಡ್‌ಗಾರ್ಡ್ ಮೇಲಿಂದ ಇಳಿಸೋದು ಮಾತ್ರ ಇನ್ನೂ ಆಗಿಲ್ಲ. ಮುಂದಿನ ಕಂತಿನಲ್ಲಿ ಸಿಗೋಣ.