ಕಾಲಲ್ಲಿ ಕಲೆ, ಹೊಟ್ಟೆಯಲ್ಲಿ ನೋವು: ಮಲ ಪರೀಕ್ಷೆಗೆ ನಾಚಿಕೆ ಬೇಡ

ಶೀತ, ಗಂಟಲುನೋವು ಬಂದು ಒಂದೆರಡು ವಾರದಲ್ಲಿ ಮಗುವಿನ ಕಾಲುಗಳಲ್ಲಿ ಕೆಂಪು-ನೇರಳೆ ಕಲೆ ಏಳುತ್ತದೆ. ಸೊಳ್ಳೆ ಕಚ್ಚಿದ್ದು ಅಂತ ಬಿಡುತ್ತೇವೆ. ಹೊಟ್ಟೆನೋವು ಅಂದರೆ ಹುಳದ ಮದ್ದು ಕೊಡುತ್ತೇವೆ. ಒತ್ತಿದರೂ ಮಾಸದ ಕಲೆಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಇದು ಐಜಿಎ ವ್ಯಾಸ್ಕುಲೈಟಿಸ್ ಇರಬಹುದು, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಚರ್ಮದಲ್ಲಿ ಆದದ್ದು ಕರುಳಿನಲ್ಲೂ ಆಗಬಹುದು. ಕೆಲವು ಮಕ್ಕಳಿಗೆ ಹೊಟ್ಟೆನೋವೇ ಮೊದಲು, ಕಲೆ ಆಮೇಲೆ.

ಕರುಳಿನಿಂದ ಸ್ವಲ್ಪವೇ ರಕ್ತ ಹೋದರೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹಿಡಿಯುವುದು ಮಲದ ‘ಅಕಲ್ಟ್ ಬ್ಲಡ್’ ಪರೀಕ್ಷೆ. ಇನ್ನೊಂದು ಕ್ಯಾಲ್‌ಪ್ರೊಟೆಕ್ಟಿನ್. ಉರಿಯೂತವಾದ ಕರುಳಿನಲ್ಲಿ ಬಿಳಿ ರಕ್ತಕಣಗಳು ಬಿಡುವ ಪ್ರೋಟೀನ್ ಅದು. ಬೇರೆ ಸೋಂಕಿನಲ್ಲೂ ಏರುತ್ತದೆ. ರಿಪೋರ್ಟ್ ನೋಡಿ ನಾವೇ ತೀರ್ಮಾನಿಸುವುದು ಬೇಡ.

ಲ್ಯಾಬಿನವರು ಡಬ್ಬಿ ಕೊಟ್ಟಾಗ ಮಗುವಿಗೆ ನಾಚಿಕೆ, ನಮಗೆ ಅಸಹ್ಯ. ಆದರೆ ಒಳಗಿನ ಸುದ್ದಿ ಹೇಳುವುದು ಅದೇ.

ಬಿಟ್ಟು ಬಿಟ್ಟು ಜೋರು ಹೊಟ್ಟೆನೋವು, ಹಸಿರು ವಾಂತಿ, ಕಪ್ಪು ಅಥವಾ ರಕ್ತ ಬೆರೆತ ಮಲ ಕಂಡರೆ ಪರೀಕ್ಷೆಗೆ ಕಾಯದೆ ಆಸ್ಪತ್ರೆಗೆ ಹೋಗಿ; ಕರುಳೊಳಗೆ ಕರುಳು ಸೇರಿರಬಹುದು. ಹೆಚ್ಚಿನ ಮಕ್ಕಳು ಕೆಲವು ವಾರದಲ್ಲಿ ಗುಣವಾಗುತ್ತಾರೆ. ಆದರೂ 6 ತಿಂಗಳು ಮೂತ್ರ, ಬಿಪಿ ತಪಾಸಣೆ ತಪ್ಪಿಸಬೇಡಿ. ಕಿಡ್ನಿಗೆ ಪೆಟ್ಟು ಬಿದ್ದರೆ ನೋವೇ ಇಲ್ಲದಿರಬಹುದು.